ಕಾರ್ಖಾನೆಯ ರೈಫಲ್ಲೋ, ಕಟ್ಟಿಸಿದ ರೈಫಲ್ಲೋ: 1000 ಗಜದ ಗುರಿಗೆ ಹೊರಟವರ ಪ್ರಶ್ನೆ

ಪ್ರಶ್ನೆ: ಎರಡು ವರ್ಷಗಳಿಂದ ಕ್ಲಬ್ಬಿನ .308 (ಗುಂಡಿನ ಅಡ್ಡಳತೆ 0.308 ಅಂಗುಲ) ರೈಫಲ್ಲಿನಲ್ಲಿ 300 ಮತ್ತು 600 ಗಜದ ಗುರಿಗೆ ಹೊಡೆಯುತ್ತಿದ್ದೇನೆ. ಸ್ವಂತ ರೈಫಲ್ ಕೊಂಡು, ಎಫ್-ಕ್ಲಾಸ್ (ರೈಫಲ್ಲನ್ನು ಆಸರೆಯ ಮೇಲಿಟ್ಟು ಸ್ಕೋಪಿನಿಂದ ಹೊಡೆಯುವ) ಸ್ಪರ್ಧೆಗಳಲ್ಲಿ 1000 ಗಜದವರೆಗೆ ಹೋಗಬೇಕೆಂಬ ಆಸೆ. ನನ್ನಲ್ಲಿರುವ ಹಣಕ್ಕೆ ಕಾರ್ಖಾನೆಯ ಒಂದು ಒಳ್ಳೆಯ ರೈಫಲ್, ಒಂದು ಒಳ್ಳೆಯ ಸ್ಕೋಪ್, ವರ್ಷಕ್ಕಾಗುವಷ್ಟು ತೋಟಾ ಬರುತ್ತವೆ. ಅಥವಾ ಎಲ್ಲವನ್ನೂ ಸುರಿದು ಒಂದು ರೈಫಲ್ ಕಟ್ಟಿಸಬಹುದು. ಕಾರ್ಖಾನೆಯ ರೈಫಲ್ 600 ಗಜ ದಾಟಿದರೆ ಕೆಲಸಕ್ಕೆ ಬಾರದು ಎಂದು ಕ್ಲಬ್ಬಿನ ಹಿರಿಯರೊಬ್ಬರು ಹೇಳುತ್ತಾರೆ. ಯಾವುದು ಸರಿ?

ಉತ್ತರ: ಸುತ್ತಿಬಳಸದೆ ಹೇಳುವುದಾದರೆ, ನೀವು ವಿವರಿಸಿದ ಸ್ಥಿತಿಯಲ್ಲಿ ಕಾರ್ಖಾನೆಯ ರೈಫಲ್ಲನ್ನೇ ಕೊಳ್ಳಬೇಕು. ಆದರೆ ಅದನ್ನು ಆರಿಸುವಾಗ ಡಬ್ಬಿಯ ಮೇಲೆ ಬರೆದಿರುವ ನಿಖರತೆಯ ಭರವಸೆಯನ್ನು ನೋಡಿ ಆರಿಸಬಾರದು. ಅದರ ಆ್ಯಕ್ಷನ್ನಿಗೆ (ಬೋಲ್ಟ್ ಕೂರುವ, ಬ್ಯಾರೆಲ್ ಬಿಗಿಯುವ ನಡುಭಾಗಕ್ಕೆ) ಮುಂದೆ ಎರಡನೆಯ ಬ್ಯಾರೆಲ್ ಎಷ್ಟು ಸುಲಭವಾಗಿ ಕೂರುತ್ತದೆ ಎಂಬುದನ್ನು ನೋಡಿ ಆರಿಸಬೇಕು. ನೇಗಿಲಿನ ಗುಳ ಸವೆದರೆ ಗುಳವನ್ನು ಬದಲಿಸುತ್ತೇವೆಯೇ ಹೊರತು ನೇಗಿಲನ್ನಲ್ಲ. ದೂರದ ಗುರಿಯ ರೈಫಲ್ಲಿನಲ್ಲಿ ಬ್ಯಾರೆಲ್ಲೇ ಗುಳ. ಹೀಗೆ ನೋಡಿದರೆ ಕಾರ್ಖಾನೆಯದೋ ಕಟ್ಟಿಸಿದ್ದೋ ಎಂಬ ಪ್ರಶ್ನೆಗೆ ಇಂದೇ ಶಾಶ್ವತ ಉತ್ತರ ಕೊಡಬೇಕಾದ ಅಗತ್ಯವಿರುವುದಿಲ್ಲ, ಏಕೆಂದರೆ ಮೊದಲ ಬ್ಯಾರೆಲ್ ಕಾರ್ಖಾನೆಯದಾಗಿ, ಎರಡನೆಯದು ನಿಮಗೆಂದೇ ಕೊರೆದದ್ದಾಗಿ ಇರಬಹುದು.

ನಿಮ್ಮ ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ, ಮತ್ತು ಆ ಅರ್ಧ ಎಲ್ಲಿಂದ ಬಂತೆಂದು ತಿಳಿದುಕೊಳ್ಳುವುದು ಒಳ್ಳೆಯದು. ಅಂಗಡಿಯಲ್ಲಿ ಕಾಣುವ ಬಹಳಷ್ಟು .308 ರೈಫಲ್ಲುಗಳ ಬ್ಯಾರೆಲ್ 20ರಿಂದ 24 ಅಂಗುಲ ಉದ್ದವಿರುತ್ತದೆ; ಗುರಿ ಸ್ಪರ್ಧೆಯ ಬ್ಯಾರೆಲ್ ಸಾಮಾನ್ಯವಾಗಿ 30 ಅಂಗುಲದ ಆಸುಪಾಸಿನದು. ಈ ತೋಟಾದಲ್ಲಿ ಪ್ರತಿ ಅಂಗುಲ ಕಡಿಮೆಯಾದಂತೆ ಸೆಕೆಂಡಿಗೆ ಸುಮಾರು 20 ಅಡಿ ವೇಗ ಹೋಗುತ್ತದೆಂದು ಹಿಡಿದರೆ, ಗಿಡ್ಡ ಬ್ಯಾರೆಲ್ಲಿನವರು ಹೊರಡುವಾಗಲೇ ಸೆಕೆಂಡಿಗೆ 120ರಿಂದ 200 ಅಡಿಯಷ್ಟು ಹಿಂದೆ ಬಿದ್ದಿರುತ್ತಾರೆ. ಅದರ ಜೊತೆಗೆ 300 ಮೀಟರ್ ಸ್ಪರ್ಧೆಗೆಂದು ರೂಪುಗೊಂಡ 168 ಗ್ರೇನಿನ (ಗ್ರೇನ್ ಗುಂಡಿನ ತೂಕದ ಅಳತೆ) ಹಳೆಯ ಮ್ಯಾಚ್ ಗುಂಡನ್ನು ಬಳಸಿದರೆ, ಅದು 1000 ಗಜ ಮುಟ್ಟುವ ಮೊದಲೇ ಶಬ್ದದ ವೇಗಕ್ಕೆ ಇಳಿಯುತ್ತದೆ, ಮತ್ತು ಆ ಸಂಧಿಯಲ್ಲಿ ಅದರ ಹಿಂಬದಿಯ ಕಡಿದಾದ ಇಳಿಜಾರಿನ ಕಾರಣದಿಂದ ತೂರಾಡತೊಡಗುತ್ತದೆ. ಹಲಗೆಯ ಮೇಲೆ ಉದ್ದುದ್ದ ತೂತುಗಳು ಬೀಳುವುದನ್ನು ಕಂಡವರು, ಕೆಲವು ಗುಂಡುಗಳು ಎಲ್ಲಿ ಹೋದವೆಂದೇ ತಿಳಿಯದೆ ನಿಂತವರು, ಕಾರ್ಖಾನೆಯನ್ನು ದೂರುವುದು ಸಹಜ. ತಪ್ಪು ಕಾರ್ಖಾನೆಯದಲ್ಲ, ಗಿಡ್ಡ ಬ್ಯಾರೆಲ್ಲು ಮತ್ತು ಹೊಂದದ ಗುಂಡಿನದು. ಅದೇ ಗುಂಡನ್ನು ಅದೇ ಉದ್ದದ ದುಬಾರಿ ಬ್ಯಾರೆಲ್ಲಿನಿಂದ ಹೊಡೆದರೂ ಹೀಗೆಯೇ ಆಗುತ್ತದೆ.

ಇನ್ನು ಗುರಿ ಏನನ್ನು ಕೇಳುತ್ತದೆ ಎಂದು ನೋಡೋಣ. ಅಮೆರಿಕದ ಎನ್‌ಆರ್‌ಎ (ರಾಷ್ಟ್ರೀಯ ರೈಫಲ್ ಸಂಘ) ನಿಯಮದ 1000 ಗಜದ ಎಫ್-ಕ್ಲಾಸ್ ಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10 ಅಂಗುಲ, ಅದರೊಳಗಿನ ಎಕ್ಸ್ ವೃತ್ತ 5 ಅಂಗುಲ. ಒಂದು ಮಿನಿಟ್ ಕೋನವೆಂದರೆ 100 ಗಜದಲ್ಲಿ 1.047 ಅಂಗುಲ, 1000 ಗಜದಲ್ಲಿ ಸುಮಾರು ಹತ್ತೂವರೆ ಅಂಗುಲ. ಆದ್ದರಿಂದ ಹತ್ತರ ವೃತ್ತ ಒಂದು ಮಿನಿಟಿಗಿಂತ ಒಂದು ಕೂದಲಷ್ಟು ಕಡಿಮೆ. ಇದನ್ನು ಓದಿದ ಕೂಡಲೇ, ಒಂದು ಮಿನಿಟಿನೊಳಗೆ ಗ್ರೂಪ್ (ಒಂದೇ ಗುರಿಗೆ ಹೊಡೆದ ಗುಂಡುಗಳ ಗುಂಪು) ಮಾಡುತ್ತದೆಂದು ಕಂಪನಿ ಭರವಸೆ ಕೊಟ್ಟ ರೈಫಲ್ ಸಾಕಲ್ಲವೇ ಎನಿಸುತ್ತದೆ. ಸಾಲದು, ಏಕೆಂದರೆ ಅಂಥ ಭರವಸೆಗಳು ಹೆಚ್ಚಾಗಿ ಮೂರು ಗುಂಡಿನ ಗ್ರೂಪಿನ ಮೇಲೆ ನಿಂತಿರುತ್ತವೆ, ಸ್ಪರ್ಧೆಯಲ್ಲಿ ನೀವು ಹೊಡೆಯುವುದು 15 ಅಥವಾ 20 ಗುಂಡು. ಗುಂಡುಗಳ ಚದುರುವಿಕೆ ಅದೇ ಇದ್ದರೂ ಎಣಿಕೆ ಹೆಚ್ಚಿದಂತೆ ಅತ್ಯಂತ ದೂರದ ಎರಡು ತೂತುಗಳ ಅಂತರ ಬೆಳೆಯುತ್ತದೆ: ಮೂರು ಗುಂಡಿಗೆ ಸರಾಸರಿ 1 ಮಿನಿಟ್ ಕೊಡುವ ರೈಫಲ್ ಹತ್ತು ಗುಂಡಿಗೆ ಸುಮಾರು 1.6, ಇಪ್ಪತ್ತು ಗುಂಡಿಗೆ 1.8ಕ್ಕೂ ಹೆಚ್ಚು ಕೊಡುತ್ತದೆ. ಇದು ಯಾರ ಮೋಸವೂ ಅಲ್ಲ, ಶುದ್ಧ ಗಣಿತ. ಹಾಗಾಗಿ ಯಾರಾದರೂ ಜೇಬಿನಿಂದ ಮೂರು ತೂತುಗಳ ಕಾಗದವನ್ನು ತೆಗೆದು ತೋರಿಸಿದರೆ, ಅದೇ ದಿನದ ಉಳಿದ ಕಾಗದಗಳನ್ನೂ ತೋರಿಸುವಂತೆ ಕೇಳಿ.

ಈ ಲೆಕ್ಕದಲ್ಲಿ ನಿಮಗೆ ಬೇಕಾದದ್ದು, ಸರಿಯಾದ ತೋಟಾ ಕೊಟ್ಟಾಗ ಹತ್ತು ಗುಂಡನ್ನು ಒಂದು ಮಿನಿಟಿನ ಆಸುಪಾಸಿನಲ್ಲಿ ಇಡುವ ರೈಫಲ್. ದಪ್ಪ ಬ್ಯಾರೆಲ್ಲಿನ ಈಗಿನ ಒಳ್ಳೆಯ ಕಾರ್ಖಾನೆ ರೈಫಲ್ಲುಗಳು ಇದನ್ನು ಮಾಡುತ್ತವೆ. ಚೆನ್ನಾಗಿ ಕಟ್ಟಿಸಿದ ರೈಫಲ್ ಅದರ ಅರ್ಧಕ್ಕೆ ಇಳಿಯುತ್ತದೆ. ಈ ವ್ಯತ್ಯಾಸ ನಿಜವಾದದ್ದು, ಆದರೆ ಅದನ್ನು ಗಾಳಿಯ ಪಕ್ಕದಲ್ಲಿಟ್ಟು ನೋಡಬೇಕು. ಅಡ್ಡಲಾಗಿ ಬೀಸುವ ಗಾಳಿ ಸೆಕೆಂಡಿಗೆ ಒಂದೇ ಒಂದು ಮೀಟರ್ ಇದ್ದರೂ, ಎಂದರೆ ಮುಖಕ್ಕೆ ಸೋಕಿದ್ದು ಗೊತ್ತಾಗುವುದೂ ಕಷ್ಟವೆನ್ನುವಷ್ಟಿದ್ದರೂ, 1000 ಗಜದಲ್ಲಿ ಸಾಮಾನ್ಯ .308 ಗುಂಡನ್ನು ಅರ್ಧ ಮೀಟರಿಗಿಂತ ಹೆಚ್ಚು ಸರಿಸುತ್ತದೆ. ಹತ್ತರ ವೃತ್ತದ ಅರ್ಧವ್ಯಾಸ ಹದಿಮೂರು ಸೆಂಟಿಮೀಟರಿಗೂ ಕಡಿಮೆ. ನೀವು ಗಾಳಿಯನ್ನು ಅಂದಾಜಿಸುವಲ್ಲಿ ಸೆಕೆಂಡಿಗೆ ಕಾಲು ಮೀಟರ್ ತಪ್ಪಿದರೆ ಸಾಕು, ಜಗತ್ತಿನ ಅತ್ಯುತ್ತಮ ಬ್ಯಾರೆಲ್ಲಿನಿಂದ ಹೊರಟ ಗುಂಡೂ ಹತ್ತರ ಗೆರೆಯ ಮೇಲೆ ಹೋಗಿ ಕೂರುತ್ತದೆ. 600 ಗಜದವರೆಗೆ ಮಾತ್ರ ಹೊಡೆದವರಿಗೆ ಮೊದಲ ವರ್ಷ ಅಂಕ ಹೋಗುವುದು ಇಲ್ಲಿಯೇ, ಮತ್ತು ಇದಕ್ಕಿರುವ ಮದ್ದು ತೋಟಾ ಮತ್ತು ಸಮಯ. ನಿಮ್ಮ ಎರಡು ಆಯ್ಕೆಗಳಲ್ಲಿ ಒಂದರಲ್ಲಿ ವರ್ಷಕ್ಕಾಗುವ ತೋಟಾ ಇದೆ, ಇನ್ನೊಂದರಲ್ಲಿ ಇಲ್ಲ.

ಆದರೂ ಕಟ್ಟಿಸಿದ ರೈಫಲ್ಲಿನ ಪರವಾಗಿ ಒಂದು ಗಟ್ಟಿಯಾದ ವಾದವಿದೆ, ಅದನ್ನು ಮುಚ್ಚಿಡಲಾರೆ. ರೈಫಲ್ ಸಡಿಲವಾಗಿದ್ದರೆ ಗಾಳಿಯ ಪಾಠವೇ ಕಲಬೆರಕೆಯಾಗುತ್ತದೆ. ಒಂಬತ್ತಕ್ಕೆ ಬಿದ್ದ ಗುಂಡನ್ನು ಅಲ್ಲಿಗೆ ಕೊಂಡೊಯ್ದದ್ದು ಗಾಳಿಯೋ, ಬ್ಯಾರೆಲ್ಲೋ, ನಿಮ್ಮ ಭುಜವೋ ಎಂದು ತಿಳಿಯದಿದ್ದರೆ ಮುಂದಿನ ಗುಂಡಿಗೆ ಏನು ತಿದ್ದುವುದು? ಅರ್ಧ ಮಿನಿಟಿನ ರೈಫಲ್ ಹಿಡಿದವರಿಗೆ ಈ ಸಂಶಯ ಕಡಿಮೆ, ಆದ್ದರಿಂದ ಅವರು ಬೇಗ ಕಲಿಯುತ್ತಾರೆ. ಎಕ್ಸ್ ಎಣಿಕೆಯಲ್ಲಿ ಪದಕ ತೀರ್ಮಾನವಾಗುವ ಮಟ್ಟದಲ್ಲಂತೂ ಕಟ್ಟಿಸಿದ ರೈಫಲ್ ಇಲ್ಲದೆ ನಡೆಯದು. ನನ್ನ ತಕರಾರು ಅದರ ಬಗ್ಗೆಯಲ್ಲ, ಅದರ ಸಮಯದ ಬಗ್ಗೆ.

ಕಟ್ಟಿಸುವಾಗ ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಒಮ್ಮೆ ಲೇತಿನ ಪಕ್ಕದಲ್ಲಿ ನಿಂತು ನೋಡಿದರೆ ಅರ್ಥವಾಗುತ್ತದೆ. ಬ್ಯಾರೆಲ್ಲಿನ ಹೊರಮೈ ಮತ್ತು ಒಳಗಿನ ರಂಧ್ರ ಎರಡೂ ಒಂದೇ ಅಕ್ಷದ ಮೇಲೆ ಇರುವುದಿಲ್ಲ. ಉದ್ದನೆಯ ಡ್ರಿಲ್ ಎಲ್ಲಾದರೂ ತುಸು ವಾಲಿರುತ್ತದೆ. ಆದ್ದರಿಂದ ನುರಿತ ಕುಶಲಕರ್ಮಿ ಹೊರಮೈಯನ್ನು ನಂಬದೆ, ಡಯಲ್ ಇಂಡಿಕೇಟರಿನ ಸೂಜಿಯಂಥ ಕಡ್ಡಿಯನ್ನು ರಂಧ್ರದೊಳಕ್ಕೆ, ಗುಂಡು ಒಳಗಿನ ಸುರುಳಿ ಗೀರುಗಳನ್ನು ಮೊದಲು ಸಂಧಿಸುವ ಜಾಗದವರೆಗೆ ತೂರಿಸಿ, ಚಕ್‌ನ ನಾಲ್ಕು ತಿರುಪುಗಳನ್ನು ಒಂದೊಂದು ಎಳೆ ಬಿಗಿಸುತ್ತ ಸಡಿಲಿಸುತ್ತ, ಬ್ಯಾರೆಲ್ ಸುತ್ತುವಾಗ ಡಯಲಿನ ಮುಳ್ಳು ಅಲುಗದಂತಾಗುವವರೆಗೆ ಕೂರುತ್ತಾನೆ. ಅರ್ಧ ಗಂಟೆ ಹೋಗಬಹುದು, ಅರ್ಧ ದಿನವೂ ಹೋಗಬಹುದು. ಅನಂತರವೇ ಚೇಂಬರ್ (ತೋಟಾ ಕೂರುವ ಗೂಡು) ಕೊರೆಯುವ ರೀಮರ್ ಒಳಗೆ ಹೋಗುತ್ತದೆ. ಆ್ಯಕ್ಷನ್ನಿನ ಮುಖವನ್ನು ಬೋಲ್ಟಿನ ಅಕ್ಷಕ್ಕೆ ಲಂಬವಾಗಿಸುವುದು, ಬೋಲ್ಟಿನ ಎರಡೂ ಲಗ್ಗುಗಳು (ಬೋಲ್ಟನ್ನು ಬೀಗದಂತೆ ಹಿಡಿಯುವ ಮುಂಚಾಚುಗಳು) ಸಮನಾಗಿ ಆನಿಕೊಳ್ಳುವಂತೆ ಮಾಡುವುದು, ಸ್ಟಾಕಿನೊಳಗೆ (ಭುಜಕ್ಕೆ ಆನಿಸಿ ಹಿಡಿಯುವ ಭಾಗದೊಳಗೆ) ಎಪಾಕ್ಸಿ ಹಾಸಿ ಆ್ಯಕ್ಷನ್ ಒತ್ತಡವಿಲ್ಲದೆ ಕೂರುವಂತೆ ಮಾಡುವುದು, ಇವೆಲ್ಲ ಇದೇ ಜಾತಿಯ ಕೆಲಸಗಳು. ಗಂಟೆಗೆ ನೂರಾರು ಭಾಗಗಳನ್ನು ಹೊರಹಾಕುವ ಕಾರ್ಖಾನೆ ಇಷ್ಟು ಹೊತ್ತು ಕೂರಲಾರದು.

ಆದರೆ ಯಂತ್ರಗಳೂ ನಿಂತಲ್ಲೇ ನಿಂತಿಲ್ಲ. 1962ರಲ್ಲಿ ಬಂದ ರೆಮಿಂಗ್ಟನ್ 700ರ ಆ್ಯಕ್ಷನ್ನುಗಳನ್ನು ದಶಕಗಳ ಕಾಲ ಕುಶಲಕರ್ಮಿಗಳು ನೇರ ಮಾಡಿಯೇ ಹೊಟ್ಟೆ ಹೊರೆದರೆಂದರೆ ಅತಿಶಯೋಕ್ತಿಯೇನಲ್ಲ. ಈಗಿನ ಗಣಕಚಾಲಿತ ಯಂತ್ರಗಳಲ್ಲಿ ಕಡೆದ ಟಿಕ್ಕಾದಂಥ ಆ್ಯಕ್ಷನ್ನುಗಳಲ್ಲಿ ಹಾಗೆ ತಿದ್ದಲು ಹೆಚ್ಚೇನೂ ಉಳಿದಿರುವುದಿಲ್ಲ. ಈಗ ದೊಡ್ಡ ಅಂತರ ಉಳಿದಿರುವುದು ಬ್ಯಾರೆಲ್ಲಿನಲ್ಲಿ. ಕ್ರೀಗರ್, ಬಾರ್ಟ್‌ಲೀನ್, ಲಿಲ್ಯಾ ಮೊದಲಾದವರ ಬ್ಯಾರೆಲ್ಲುಗಳ ಒಳಮೈಯನ್ನು ಕೈಯಿಂದ ಲ್ಯಾಪ್ ಮಾಡಿರುತ್ತಾರೆ, ಎಂದರೆ ಉಜ್ಜಿ ನುಣುಪಾಗಿಸಿರುತ್ತಾರೆ. ಬಿಸಿಯಾದಾಗ ಗುಂಡಿನ ಜಾಗ ಅಲೆಯುವುದು ಅವುಗಳಲ್ಲಿ ಕಡಿಮೆ, ತಾಮ್ರ ಅಂಟುವುದೂ ಕಡಿಮೆ. ಇಪ್ಪತ್ತನೆಯ ಗುಂಡು ಮೊದಲನೆಯದರ ಪಕ್ಕದಲ್ಲೇ ಬೀಳಬೇಕಾದ ಆಟದಲ್ಲಿ ಇದಕ್ಕೆ ಬೆಲೆಯಿದೆ.

ತೋಟಾಗಳನ್ನು ನೀವೇ ತುಂಬುತ್ತೀರೋ ಇಲ್ಲವೋ ಎಂದು ನೀವು ಬರೆದಿಲ್ಲ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಅದು. ಕಾರ್ಖಾನೆಯ ಚೇಂಬರ್ ಎಲ್ಲ ಕಂಪನಿಗಳ ತೋಟಾಗಳನ್ನೂ ಸುರಕ್ಷಿತವಾಗಿ ನುಂಗುವಂತೆ ತುಸು ಸಡಿಲವಾಗಿರುತ್ತದೆ. ಕಟ್ಟಿಸಿದ ಚೇಂಬರನ್ನು ಒಂದು ನಿರ್ದಿಷ್ಟ ಗುಂಡಿಗೆ, ಒಂದು ನಿರ್ದಿಷ್ಟ ಕೇಸಿಗೆ (ತೋಟಾದ ಹಿತ್ತಾಳೆ ಕವಚಕ್ಕೆ) ಹೊಂದುವಂತೆ ಕೊರೆಯಬಹುದು, ಅದರ ಲಾಭ ಸಿಗುವುದು ಅದಕ್ಕೆ ತಕ್ಕ ತೋಟಾವನ್ನು ಅಳೆದು ತುಂಬುವವರಿಗೆ ಮಾತ್ರ. 1000 ಗಜದಲ್ಲಿ .308ರ ಹೊರಡುವ ವೇಗ ಸೆಕೆಂಡಿಗೆ 10 ಅಡಿ ಬದಲಾದರೆ ಗುಂಡು ಎಂಟು ಸೆಂಟಿಮೀಟರಿನಷ್ಟು ಮೇಲೋ ಕೆಳಗೋ ಹೋಗುತ್ತದೆ. ಗುಂಡಿನಿಂದ ಗುಂಡಿಗೆ 40, 50 ಅಡಿ ಏರಿಳಿಯುವ ತೋಟಾವನ್ನು ಹಾಕಿಕೊಂಡು ಅಪ್ಪಟ ಬ್ಯಾರೆಲ್ಲಿನಿಂದ ಹೊಡೆಯುವುದು ಹೊಸ ಪಂಚೆಯುಟ್ಟು ಕೆಸರಿಗಿಳಿದಂತೆ.

ಇಲ್ಲಿ ನನ್ನದೇ ಪೆದ್ದುತನವೊಂದನ್ನು ಹೇಳಬೇಕು. ನಾನು ಮೊದಲ ಬಾರಿಗೆ ರೈಫಲ್ ಕಟ್ಟಿಸಿದಾಗ, ಬೆಂಚ್‌ರೆಸ್ಟ್ (ಮೇಜಿನ ಮೇಲೆ ರೈಫಲ್ ಇಟ್ಟು ಅತಿ ಸಣ್ಣ ಗ್ರೂಪಿಗಾಗಿ ಹೊಡೆಯುವ ಸ್ಪರ್ಧೆ) ಆಡುವವರ ಮಾತು ಕೇಳಿ ಚೇಂಬರಿನ ಕತ್ತಿನ ಭಾಗವನ್ನು ಬಿಗಿಯಾಗಿ ಕೊರೆಯಲು ಹೇಳಿದೆ. ಹದಿನಾಲ್ಕು ತಿಂಗಳು ಕಾದ ಮೇಲೆ ಬಂದ ರೈಫಲ್ ಬಹಳ ಚೆನ್ನಾಗಿಯೇ ಇತ್ತು. ಪ್ರತಿ ಕೇಸಿನ ಕತ್ತನ್ನೂ ಕಡೆದು ತೆಳುವಾಗಿಸಿದರೆ ಮಾತ್ರ ತೋಟಾ ಒಳಗೆ ಹೋಗುತ್ತಿತ್ತು, ಅಷ್ಟೇ. ಒಂದು ಸ್ಪರ್ಧೆಯ ದಿನ ನನ್ನ ತೋಟಾ ಡಬ್ಬಿ ಮನೆಯಲ್ಲೇ ಉಳಿಯಿತು. ಪಕ್ಕದವರು ಧಾರಾಳವಾಗಿ ಅವರ ಕಾರ್ಖಾನೆಯ ತೋಟಾಗಳನ್ನು ಕೊಟ್ಟರು. ಬೋಲ್ಟಿನ ಹಿಡಿ ಮುಚ್ಚಲು ಒಂದು ಬೆರಳಗಲ ಇದ್ದಂತೆ ನಿಂತುಬಿಟ್ಟಿತು. ಒತ್ತಿ ಮುಚ್ಚುವ ಬುದ್ಧಿ ಬರಲಿಲ್ಲ ಎಂಬುದೊಂದೇ ಸಮಾಧಾನ, ಏಕೆಂದರೆ ಗುಂಡನ್ನು ಬಿಡಲು ಜಾಗವಿಲ್ಲದ ಕತ್ತು ಒತ್ತಡವನ್ನು ಅಪಾಯದ ಮಟ್ಟಕ್ಕೆ ಏರಿಸುತ್ತದೆ. ಆ ದಿನ ನಾನು ಉಳಿದವರ ಅಂಕ ಬರೆಯುತ್ತ ಕುಳಿತೆ. ಕುಶಲಕರ್ಮಿ ಕೇಳಿದ್ದನ್ನು ಕೇಳಿದಂತೆಯೇ ಮಾಡಿಕೊಟ್ಟಿದ್ದ. ಏನನ್ನು ಕೇಳಬೇಕೆಂದು ನನಗೆ ತಿಳಿದಿರಲಿಲ್ಲ. ಮೊದಲ ರೈಫಲ್ಲನ್ನೇ ಕಟ್ಟಿಸುವವರಲ್ಲಿ ಬಹುಪಾಲು ಜನರ ಕಥೆ ಇದೇ ಬಗೆಯದು: ಸ್ಟಾಕಿನ ಉದ್ದ, ಕೆನ್ನೆಯಾನಿಕೆಯ ಎತ್ತರ, ಗುಂಡಿನ ತೂಕ, ಟ್ರಿಗರ್ ಯಾವುದು ತಮಗೆ ಒಗ್ಗುತ್ತದೆಂದು ತಿಳಿಯುವ ಮೊದಲೇ ಅವೆಲ್ಲವನ್ನೂ ಲಿಖಿತವಾಗಿ ಕೊಡಬೇಕಾಗುತ್ತದೆ.

ಇನ್ನು ಬ್ಯಾರೆಲ್ಲಿನ ಆಯುಷ್ಯ. ಬೋರ್‌ಸ್ಕೋಪ್ ತೂರಿಸಿ ನೋಡಿದರೆ, ಕೆಲವು ಸಾವಿರ ಗುಂಡು ಕಂಡ ಬ್ಯಾರೆಲ್ಲಿನ ಗಂಟಲು (ಚೇಂಬರಿನ ಮುಂದೆ ಗೀರುಗಳು ಶುರುವಾಗುವ ಜಾಗ) ಬೇಸಗೆಯಲ್ಲಿ ಒಣಗಿದ ಕೆರೆಯ ತಳದಂತೆ ಕಾಣುತ್ತದೆ. ಸಣ್ಣ ಸಣ್ಣ ಬಿರುಕುಗಳ ಬಲೆ, ಅಂಚು ಕಳೆದುಕೊಂಡ ಗೀರುಗಳು. ಪ್ರತಿ ಗುಂಡಿನ ಹಿಂದೆ ನುಗ್ಗುವ ಉರಿಯ ಕೆಲಸವದು, ಮತ್ತು ಅದಕ್ಕೆ ಬ್ಯಾರೆಲ್ ಯಾರು ಮಾಡಿದ್ದೆಂಬ ಭೇದವಿಲ್ಲ. ಗುರಿ ಸ್ಪರ್ಧೆಯ ಮಟ್ಟದಲ್ಲಿ .308 ವಿಂಚೆಸ್ಟರ್ ಸುಮಾರು 4000ದಿಂದ 5000 ಗುಂಡು ಬಾಳುತ್ತದೆ, 6.5 ಕ್ರೀಡ್‌ಮೋರ್ ಹೆಚ್ಚುಕಡಿಮೆ ಅದರ ಅರ್ಧ, 6.5-284ರಂಥ ಬಿಸಿ ತೋಟಾಗಳು 1000ದಿಂದ 1500. ವಾರಕ್ಕೆ 50 ಗುಂಡು ಹೊಡೆದರೆ ವರ್ಷಕ್ಕೆ 2600. ಎಂದರೆ .308ರಲ್ಲಿ ಎರಡು ವರ್ಷದ ಹೊತ್ತಿಗೆ ನಿಮಗೆ ಹೊಸ ಬ್ಯಾರೆಲ್ ಬೇಕು, ಹಳೆಯದು ಕಾರ್ಖಾನೆಯದಿದ್ದರೂ ಅಷ್ಟೇ, ಕೈಯಿಂದ ಲ್ಯಾಪ್ ಮಾಡಿದ್ದಾದರೂ ಅಷ್ಟೇ. ಗಾಳಿ ಓದಲು ಕಲಿಯುವ ಈ ಎರಡು ವರ್ಷಗಳನ್ನು ಯಾವ ಬ್ಯಾರೆಲ್ಲಿನ ಮೇಲೆ ಖರ್ಚು ಮಾಡುತ್ತೀರಿ ಎಂಬುದೇ ಇಲ್ಲಿನ ನಿಜವಾದ ಪ್ರಶ್ನೆ.

ಆದ್ದರಿಂದ ಕಾರ್ಖಾನೆಯ ರೈಫಲ್ ಆರಿಸುವಾಗ ಬ್ಯಾರೆಲ್ ಬದಲಿಸುವ ದಾರಿಯನ್ನು ಮೊದಲು ನೋಡಿ. 1958ರ ಮಾಡೆಲ್ 110ರಿಂದ ಬಂದ ಸ್ಯಾವೇಜ್ ಆ್ಯಕ್ಷನ್ನುಗಳಲ್ಲಿ ಬ್ಯಾರೆಲ್ ಒಂದು ನಟ್ಟಿನಿಂದ ಬಿಗಿಯುತ್ತದೆ; ಚೇಂಬರ್ ಮೊದಲೇ ಕೊರೆದ ಬ್ಯಾರೆಲ್ ತರಿಸಿ, ಹೆಡ್‌ಸ್ಪೇಸ್ ಗೇಜುಗಳಿಂದ (ಬೋಲ್ಟಿನ ಮುಖಕ್ಕೂ ಚೇಂಬರಿಗೂ ನಡುವೆ ತೋಟಾಕ್ಕಿರುವ ಜಾಗವನ್ನು) ಅಳೆದು ಕೂರಿಸಿಬಿಡಬಹುದು. ರೆಮಿಂಗ್ಟನ್ 700ರ ಮಾದರಿಗೆ ಸ್ಟಾಕು, ಟ್ರಿಗರ್, ಚಾಸಿಗಳ (ಸ್ಟಾಕಿನ ಬದಲು ಬಳಸುವ ಲೋಹದ ಚೌಕಟ್ಟುಗಳ) ಸಮುದ್ರವೇ ಇದೆ, ಹಲವು ಹೊಸ ಕಂಪನಿಗಳು ತಮ್ಮ ಆ್ಯಕ್ಷನ್ನುಗಳನ್ನು ಅದೇ ಅಳತೆಗೆ ಮಾಡುತ್ತವೆ. ಬ್ಯಾರೆಲ್ ಯಾವುದೇ ಇರಲಿ, ಹೆಡ್‌ಸ್ಪೇಸ್ ಪರೀಕ್ಷೆ ಬಲ್ಲವರ ಕೈಯಲ್ಲೇ ಆಗಬೇಕು. ಕೆಲವು ದೇಶಗಳಲ್ಲಿ ಬ್ಯಾರೆಲ್ಲೂ ಪರವಾನಗಿಯ ವ್ಯಾಪ್ತಿಗೆ ಬರುವುದರಿಂದ ಅದನ್ನೂ ಮೊದಲೇ ವಿಚಾರಿಸಿಕೊಳ್ಳಿ.

ಎರಡನೆಯದಾಗಿ ಬ್ಯಾರೆಲ್ಲಿನ ಉದ್ದ ಮತ್ತು ಟ್ವಿಸ್ಟ್, ಎಂದರೆ ಒಳಗಿನ ಗೀರುಗಳ ಸುರುಳಿಯ ತಿರುವು. ಗುರಿ ಸ್ಪರ್ಧೆಗೆಂದೇ ಮಾರುವ ಕೆಲವು .308 ರೈಫಲ್ಲುಗಳು 30 ಅಂಗುಲದ ಬ್ಯಾರೆಲ್ಲಿದ್ದರೂ 12 ಅಂಗುಲಕ್ಕೊಂದು ಸುತ್ತಿನ ಟ್ವಿಸ್ಟ್ ಹೊಂದಿರುತ್ತವೆ. 155 ಗ್ರೇನಿನ ಗುಂಡಿಗೆ ಅದು ಸಾಕು. ಎಫ್-ಟಿಆರ್‌ನಲ್ಲಿ (ಎಫ್-ಕ್ಲಾಸಿನ ಒಂದು ವಿಭಾಗ) ಈಗ ಬಹಳ ಮಂದಿ ಬಳಸುವ 200 ಗ್ರೇನಿನ ಉದ್ದ ಗುಂಡನ್ನು ಅದು ಸ್ಥಿರವಾಗಿ ತಿರುಗಿಸಲಾರದು, ಅದಕ್ಕೆ 10ರ ಆಸುಪಾಸಿನ ಟ್ವಿಸ್ಟ್ ಬೇಕು. ವಿಭಾಗವನ್ನೂ ಈಗಲೇ ನಿರ್ಧರಿಸಿಕೊಳ್ಳಿ. ಎಫ್-ಟಿಆರ್‌ನಲ್ಲಿ .308 ವಿಂಚೆಸ್ಟರ್ ಮತ್ತು .223 ರೆಮಿಂಗ್ಟನ್ ಎರಡಕ್ಕೇ ಅವಕಾಶ, ಬೈಪಾಡ್ (ಎರಡು ಕಾಲಿನ ಆಸರೆ) ಮತ್ತು ಸ್ಕೋಪ್ ಸೇರಿ ತೂಕ 8.25 ಕಿಲೋ ಮೀರುವಂತಿಲ್ಲ. ಎಫ್-ಓಪನ್‌ನಲ್ಲಿ 10 ಕಿಲೋವರೆಗೆ ಹೋಗಬಹುದು, ತೋಟಾದ ಆಯ್ಕೆಯೂ ವಿಶಾಲ. .308 ನಿಮಗೆ ಪರಿಚಿತ, ಬ್ಯಾರೆಲ್ಲೂ ಹೆಚ್ಚು ಬಾಳುತ್ತದೆ. ಆದ್ದರಿಂದ ಎಫ್-ಟಿಆರ್ ನಿಮಗೆ ಸರಿ ಎನ್ನುತ್ತೇನೆ.

ಸ್ಕೋಪಿನ ಬಗ್ಗೆ ಒಂದೇ ಮಾತು: 100 ಗಜಕ್ಕೆ ಹೊಂದಿಸಿದ .308ನ್ನು 1000 ಗಜಕ್ಕೆ ಏರಿಸಲು 30ರಿಂದ 40 ಮಿನಿಟ್ ಬೇಕಾಗುತ್ತದೆ, ಆದ್ದರಿಂದ 20 ಮಿನಿಟ್ ಇಳಿಜಾರಿನ ರೈಲು (ಸ್ಕೋಪ್ ಕೂರಿಸುವ ಪಟ್ಟಿ) ಹಾಕಿಸದೆ ಒಳ್ಳೆಯ ಸ್ಕೋಪಿಗೂ ಅಷ್ಟು ಏರಲಾಗದೆ ಹೋಗಬಹುದು.

ಹಾಗಾದರೆ ಮೊದಲೇ ಕಟ್ಟಿಸಬೇಕಾದವರು ಯಾರೂ ಇಲ್ಲವೇ? ಇದ್ದಾರೆ. ಪಾಲ್ಮಾ ಶೈಲಿಯಲ್ಲಿ, ಜೋಲಿ ಬಿಗಿದುಕೊಂಡು ಕಬ್ಬಿಣದ ಸೈಟಿನಿಂದ ಹೊಡೆಯುವವರಿಗೆ ತಕ್ಕ ಕಾರ್ಖಾನೆ ರೈಫಲ್ ಸಿಗುವುದೇ ಅಪರೂಪ. ಅಲ್ಲಿ ನ್ಯೂಜಿಲೆಂಡಿನ ಬಾರ್ನಾರ್ಡ್‌ನಂಥ ಆ್ಯಕ್ಷನ್ನುಗಳ ಸುತ್ತ ಕಟ್ಟಿಸುವುದೇ ರೂಢಿ. ಎಡಗೈಯವರಿಗೆ, ತೀರ ಎತ್ತರದವರಿಗೆ, ಕತ್ತು ಅಥವಾ ಭುಜದ ತೊಂದರೆಯಿರುವವರಿಗೆ ಅಂಗಡಿಯ ಸ್ಟಾಕು ಒಗ್ಗದೆ ಹೋಗಬಹುದು, ಆದರೂ ಅಂಥವರಲ್ಲಿ ಹಲವರಿಗೆ ಎಲ್ಲ ಕಡೆ ಹೊಂದಿಸಬಲ್ಲ ಚಾಸಿ ಸಾಕಾಗುತ್ತದೆ. ಇನ್ನೊಂದು ದಾರಿಯೂ ಇದೆ, ಅದನ್ನು ಯಾರೂ ಜಾಹೀರಾತು ಮಾಡುವುದಿಲ್ಲ: ಬೇರೊಬ್ಬರು ಕಟ್ಟಿಸಿ ಮಾರುತ್ತಿರುವ ರೈಫಲ್. ಒಬ್ಬರ ಮೈಗೆ ಹೊಲಿಸಿದ ಅಂಗಿಯಂತೆ ಇವು ಮಾರುಕಟ್ಟೆಯಲ್ಲಿ ಬಿಡಿಭಾಗಗಳ ಬೆಲೆಗೂ ಹೋಗುವುದಿಲ್ಲ. ಮಾರುವವರಿಗೆ ಅದು ನಷ್ಟ, ಕೊಳ್ಳುವವರಿಗೆ ಲಾಭ. ಅಂಥದ್ದು ಕಣ್ಣಿಗೆ ಬಿದ್ದರೆ ಬ್ಯಾರೆಲ್ಲಿಗೆ ಎಷ್ಟು ಗುಂಡಾಗಿದೆ, ಚೇಂಬರಿನ ಕತ್ತಿನ ಅಳತೆಯೆಷ್ಟು, ಯಾವ ಗುಂಡಿಗೆ ಕೊರೆದದ್ದು ಎಂದು ಕೇಳಿ. ಮಾರುವವರ ಬಳಿ ಲಿಖಿತ ಲೆಕ್ಕವಿಲ್ಲದಿದ್ದರೆ ಬ್ಯಾರೆಲ್ ಮುಗಿದಿದೆ ಎಂದೇ ಎಣಿಸಿ ಬೆಲೆ ಕಟ್ಟಿ.

ಅಂಥದೇ ಲೆಕ್ಕವನ್ನು ನಿಮ್ಮ ರೈಫಲ್ಲಿಗೆ ಮೊದಲ ಗುಂಡಿನಿಂದ ಬರೆಯಿರಿ: ದಿನಾಂಕ, ದೂರ, ತೋಟಾ, ನೀವು ಊಹಿಸಿದ ಗಾಳಿ, ಬಿದ್ದ ಜಾಗ, ಒಟ್ಟು ಎಣಿಕೆ. ಕೆನ್ನೆಯಾನಿಕೆಯನ್ನು ಎಷ್ಟಕ್ಕೆ ಏರಿಸಿದಿರಿ, ಸ್ಟಾಕಿಗೆ ಎಷ್ಟು ತುಂಡು ಸೇರಿಸಿದಿರಿ, ಅದನ್ನೂ ಬರೆಯಿರಿ. ಎಣಿಕೆ 3000 ಮುಟ್ಟಿದಾಗ ಹೊಸ ಬ್ಯಾರೆಲ್ಲಿಗೆ ಹೇಳಿಡಿ, ಏಕೆಂದರೆ ಒಳ್ಳೆಯ ಬ್ಯಾರೆಲ್ಲೂ ಒಳ್ಳೆಯ ಕುಶಲಕರ್ಮಿಯೂ ತಿಂಗಳುಗಟ್ಟಲೆ ಕಾಯಿಸುತ್ತಾರೆ. ಅವರ ಬಳಿ ಹೋಗುವಾಗ ಆ ಪುಸ್ತಕವನ್ನೂ, ನೀವು ನೆಚ್ಚಿಕೊಂಡ ಗುಂಡನ್ನು ಕೂರಿಸಿದ ಮದ್ದಿಲ್ಲದ, ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಬಿಲ್ಲೆ) ಇಲ್ಲದ ಒಂದು ಡಮ್ಮಿ ತೋಟಾವನ್ನೂ ತೆಗೆದುಕೊಂಡು ಹೋಗಿ, ಗಂಟಲನ್ನು ಅದರ ಅಳತೆಗೆ ಕೊರೆಯಲು ಹೇಳಿ. ಕತ್ತಿನ ಭಾಗವನ್ನು ಮಾತ್ರ ಬಿಗಿ ಮಾಡಿಸಬೇಡಿ.